ಗವರ್ನರ್ ಹುದ್ದೆ ಬಿಟ್ಟು ಅಧ್ಯಕ್ಷರ ಸಂಪುಟಕ್ಕೆ: ಸೆಸಿಲ್ ಆಂಡ್ರಸ್ ಗಳಿಸಿದ್ದೇನು, ಕಳೆದುಕೊಂಡದ್ದೇನು?

ಪ್ರಶ್ನೆ | ರಾಜ್ಯಶಾಸ್ತ್ರ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ತೌಲನಿಕ ರಾಜಕೀಯದ ಪತ್ರಿಕೆಗಾಗಿ ಅಮೆರಿಕದ ಒಕ್ಕೂಟ ವ್ಯವಸ್ಥೆಯ ಕುರಿತು ಪ್ರಬಂಧವೊಂದನ್ನು ಬರೆಯುತ್ತಿದ್ದೇನೆ. ರಾಜ್ಯ ರಾಜಕಾರಣದಲ್ಲಿ ಬೆಳೆದು ಅಧ್ಯಕ್ಷರ ಸಂಪುಟ ಸೇರಿದ ಒಬ್ಬರ ರಾಜಕೀಯ ಜೀವನವನ್ನು ಆಧಾರವಾಗಿಟ್ಟುಕೊಳ್ಳಬೇಕೆಂದು ಸೂಚನೆ ಇದ್ದುದರಿಂದ, ಐಡಹೊ ರಾಜ್ಯದ ಗವರ್ನರ್ ಆಗಿದ್ದು 1977ರಿಂದ 1981ರವರೆಗೆ ಜಿಮ್ಮಿ ಕಾರ್ಟರ್ ಅವರ ಸಂಪುಟದಲ್ಲಿ ಇಂಟೀರಿಯರ್ ಸಚಿವರಾಗಿದ್ದ ಸೆಸಿಲ್ ಆಂಡ್ರಸ್ ಅವರನ್ನು ಆರಿಸಿಕೊಂಡಿದ್ದೇನೆ.

ನನ್ನ ಗೊಂದಲ ಇಷ್ಟು. ನಮ್ಮಲ್ಲಿ ಮುಖ್ಯಮಂತ್ರಿಯಾಗಿದ್ದವರು ಕೇಂದ್ರ ಸಚಿವರಾದರೆ ಅವರು ಸಂಸತ್ತಿನ ಸದಸ್ಯರಾಗಿರಬೇಕು, ಇಲ್ಲವೇ ಆರು ತಿಂಗಳೊಳಗೆ ಆಗಬೇಕು. ಹೀಗಾಗಿ ಸಚಿವ ಸ್ಥಾನ ಹೋದರೂ ಸದನದಲ್ಲೊಂದು ಜಾಗ, ಪಕ್ಷದಲ್ಲೊಂದು ನೆಲೆ ಅವರಿಗೆ ಉಳಿದಿರುತ್ತದೆ. ಅಮೆರಿಕದಲ್ಲಿ ಹಾಗಿಲ್ಲ. ಸಂಪುಟ ಸೇರಿದವರು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರಾಗಿರುವಂತಿಲ್ಲ, ಅದರ ಮೇಲ್ಮನೆಯಾದ ಸೆನೆಟ್ಟಿನ ಒಪ್ಪಿಗೆ ಪಡೆದು ಅಧಿಕಾರಕ್ಕೆ ಬಂದ ಮೇಲೆ ಅಧ್ಯಕ್ಷರು ಇಟ್ಟುಕೊಂಡಷ್ಟು ದಿನ ಮಾತ್ರ ಇರುತ್ತಾರೆ. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಜನರಿಂದ ನೇರವಾಗಿ ಆಯ್ಕೆಯಾದ, ತಮ್ಮ ಸರ್ಕಾರವನ್ನು ತಾವೇ ನಡೆಸುವವರು. 1974ರ ಚುನಾವಣೆಯಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮತ ಪಡೆದು ಗೆದ್ದ ಆಂಡ್ರಸ್, ಇನ್ನೂ ಎರಡು ವರ್ಷ ಅವಧಿ ಬಾಕಿಯಿರುವಾಗ ಅಂತಹ ಹುದ್ದೆಯನ್ನು ಬಿಟ್ಟು ಮತ್ತೊಬ್ಬರ ಅಧೀನದಲ್ಲಿ ಕೆಲಸ ಮಾಡಲು ಹೋದದ್ದು ಏಕೆ? ರಾಜ್ಯದಲ್ಲಿ ಕಲಿತದ್ದು ಅವರಿಗೆ ವಾಷಿಂಗ್ಟನ್ನಿನಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬಂದಿತೇ, ಅಥವಾ ಆ ನಾಲ್ಕು ವರ್ಷಗಳ ಸಾಧನೆಯೆಲ್ಲ ಅಧ್ಯಕ್ಷರದ್ದೇ ಎನ್ನಬೇಕೇ? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ | ನಿವೃತ್ತ ಅಧ್ಯಾಪಕ

ಒಳ್ಳೆಯ ಆಯ್ಕೆ ಮಾಡಿದ್ದೀರಿ, ತಾಯಿ. ಅಮೆರಿಕದ ಸಂಪುಟದ ಚರಿತ್ರೆಯಲ್ಲಿ ಆಂಡ್ರಸ್ ಅವರಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಅವರ ರಾಜಕೀಯದ ಆರಂಭದಿಂದಲೇ ನೋಡಬೇಕು.

ಅವರು ಹುಟ್ಟಿದ್ದು 1931ರ ಆಗಸ್ಟ್ 25ರಂದು, ಒರೆಗಾನ್ ರಾಜ್ಯದ ಹುಡ್ ರಿವರ್‌ನಲ್ಲಿ. ಕಾಲೇಜು ಸೇರಿದರೂ ಪದವಿ ಮುಗಿಸಲಿಲ್ಲ. ಕೊರಿಯಾ ಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿದ್ದು, ಆಮೇಲೆ ಐಡಹೊದ ಒರೊಫಿನೊ ಎಂಬ ಸಣ್ಣ ಊರಿಗೆ ಬಂದು ಮರ ಕಡಿಯುವ, ಮರ ಕೊಯ್ಯುವ ಉದ್ಯಮದಲ್ಲಿ ದುಡಿದರು. 1960ರಲ್ಲಿ, ತಮ್ಮ 29ನೆಯ ವಯಸ್ಸಿನಲ್ಲಿ, ರಾಜ್ಯದ ಸೆನೆಟ್‌ಗೆ ಆಯ್ಕೆಯಾದರು. 1966ರಲ್ಲಿ ಗವರ್ನರ್ ಹುದ್ದೆಗೆ ನಿಂತು ಒಂದೇ ವರ್ಷದಲ್ಲಿ ಎರಡು ಬಾರಿ ಸೋತ ಅಪರೂಪದ ಅನುಭವ ಅವರದು: ಮೊದಲು ಡೆಮಾಕ್ರಟಿಕ್ ಪಕ್ಷದೊಳಗಿನ ಆಯ್ಕೆಯಲ್ಲಿ ಚಾರ್ಲ್ಸ್ ಹರ್ನ್‌ಡನ್ ಎದುರು ಸೋತರು, ಹರ್ನ್‌ಡನ್ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಪಕ್ಷ ಇವರನ್ನೇ ಕಣಕ್ಕಿಳಿಸಿತು, ಆಗ ರಿಪಬ್ಲಿಕನ್ ಪಕ್ಷದ ಡಾನ್ ಸ್ಯಾಮ್ಯುಯೆಲ್‌ಸನ್ ಎದುರು ಮತ್ತೆ ಸೋತರು.

ಅದೇ ಸ್ಯಾಮ್ಯುಯೆಲ್‌ಸನ್ ಅವರನ್ನು 1970ರಲ್ಲಿ ಸೋಲಿಸಿ, 24 ವರ್ಷಗಳ ನಂತರ ಆ ರಾಜ್ಯಕ್ಕೆ ಡೆಮಾಕ್ರಟಿಕ್ ಪಕ್ಷದ ಗವರ್ನರ್ ಬರುವಂತಾದದ್ದಕ್ಕೆ ದೊಡ್ಡ ಕಾರಣ ಒಂದು ಬೆಟ್ಟ. ವೈಟ್ ಕ್ಲೌಡ್ಸ್ ಪರ್ವತಸಾಲಿನ ಕ್ಯಾಸಲ್ ಪೀಕ್ ಬುಡದಲ್ಲಿ ಅಸಾರ್ಕೊ ಕಂಪನಿ ಮಾಲಿಬ್ಡಿನಮ್ ಅದಿರಿಗಾಗಿ ತೆರೆದ ಗಣಿ ತೋಡಲು ಹೊರಟಿತ್ತು. ಆಗಿನ ಗವರ್ನರ್ ಗಣಿಯ ಪರ, ಆಂಡ್ರಸ್ ವಿರುದ್ಧ. ಮರ ಮತ್ತು ಗಣಿಗಳಿಂದಲೇ ಬದುಕುತ್ತಿದ್ದ ರಾಜ್ಯದಲ್ಲಿ, ಸ್ವತಃ ಮರದ ಮಿಲ್ಲಿನಿಂದ ಬಂದ ಮನುಷ್ಯನೊಬ್ಬ ಬೆಟ್ಟ ಉಳಿಯಬೇಕೆಂದು ಹೇಳಿ ಗೆಲ್ಲುವುದು ಆ ಕಾಲಕ್ಕೆ ಸುಲಭವಾಗಿರಲಿಲ್ಲ. ಉದ್ಯೋಗವೂ ಬೇಕು, ಬಾಳಲು ಯೋಗ್ಯವಾದ ನೆಲವೂ ಬೇಕು ಎಂಬ ನಿಲುವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. 1972ರಲ್ಲಿ ಕಾಂಗ್ರೆಸ್ ಸಾಟೂತ್ ರಾಷ್ಟ್ರೀಯ ವಿಹಾರ ಪ್ರದೇಶವನ್ನು ರಚಿಸಿ ಆ ಬೆಟ್ಟಸಾಲನ್ನೂ ಅದರೊಳಗೆ ಸೇರಿಸಿತು. ಗಣಿ ಬರಲೇ ಇಲ್ಲ.

ಇನ್ನು ಸಂಪುಟದ ವಿಚಾರ. ಇಂಟೀರಿಯರ್ ಇಲಾಖೆಗೆ ಪೊಲೀಸ್ ಅಥವಾ ಆಂತರಿಕ ಭದ್ರತೆಯ ಹೊಣೆಯಿಲ್ಲ. ಕೇಂದ್ರ ಸರ್ಕಾರದ ಒಡೆತನದ ಬಹುಪಾಲು ಭೂಮಿ, ರಾಷ್ಟ್ರೀಯ ಉದ್ಯಾನಗಳು, ವನ್ಯಜೀವಿ ಧಾಮಗಳು, ಪಶ್ಚಿಮ ಭಾಗದ ಅಣೆಕಟ್ಟುಗಳು, ಮೂಲನಿವಾಸಿಗಳ ವ್ಯವಹಾರ ಇವೆಲ್ಲ ಅದರ ಕೈಯಲ್ಲಿವೆ. ಐಡಹೊದ ನೆಲದಲ್ಲಿ ಐದರಲ್ಲಿ ಮೂರು ಪಾಲು ಕೇಂದ್ರದ್ದೇ. ಅಂದರೆ ಅಲ್ಲಿನ ಗವರ್ನರ್ ತಮ್ಮ ರಾಜ್ಯದ ಅರ್ಧಕ್ಕಿಂತ ಹೆಚ್ಚು ನೆಲದ ಬಗ್ಗೆ ವಾಷಿಂಗ್ಟನ್ನಿಗೆ ಮನವಿ ಮಾತ್ರ ಮಾಡಬಲ್ಲರು. ಪಶ್ಚಿಮದ ಗವರ್ನರ್ ಒಬ್ಬರಿಗೆ ಈ ಇಲಾಖೆ ಏಕೆ ಆಕರ್ಷಕವೆಂಬುದು ಇಷ್ಟರಿಂದಲೇ ತಿಳಿಯುತ್ತದೆ. ಇದರ ಜೊತೆಗೆ ಕಾರ್ಟರ್ ಮತ್ತು ಆಂಡ್ರಸ್ ಇಬ್ಬರೂ 1971ರ ಜನವರಿಯಲ್ಲೇ ಗವರ್ನರ್‌ಗಳಾದವರು, ಒಬ್ಬರು ಜಾರ್ಜಿಯಾದಲ್ಲಿ, ಇನ್ನೊಬ್ಬರು ಐಡಹೊದಲ್ಲಿ. ಆ ಹಳೆಯ ವಿಶ್ವಾಸದ ಬಲ ಎಷ್ಟೆಂಬುದಕ್ಕೆ 1979ರ ಜುಲೈ ತಿಂಗಳೇ ಸಾಕ್ಷಿ: ಕಾರ್ಟರ್ ತಮ್ಮ ಸಂಪುಟವನ್ನು ಬುಡಸಮೇತ ಅಲುಗಾಡಿಸಿ ಐವರು ಸಚಿವರು ಹೊರಹೋದಾಗಲೂ ಆಂಡ್ರಸ್ ತಮ್ಮ ಜಾಗದಲ್ಲೇ ಉಳಿದು ನಾಲ್ಕು ವರ್ಷ ಪೂರೈಸಿದರು.

ಸಾಧನೆ ಯಾರದು ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಅಲಾಸ್ಕಾದ ಪ್ರಸಂಗದಲ್ಲಿ ಉತ್ತರವಿದೆ, ಅದನ್ನು ಕೊಂಚ ಬಿಡಿಸಿ ಹೇಳುತ್ತೇನೆ. 1971ರಲ್ಲಿ ಅಲಾಸ್ಕಾದ ಮೂಲನಿವಾಸಿಗಳ ಭೂಹಕ್ಕನ್ನು ಇತ್ಯರ್ಥಪಡಿಸಿದ ಕಾಯ್ದೆ ಅವರಿಗೆ 4.4 ಕೋಟಿ ಎಕರೆ ಭೂಮಿ ಕೊಟ್ಟಿತು. ಅದರ ಜೊತೆಗೆ, ಉದ್ಯಾನ ಮತ್ತು ಧಾಮಗಳಿಗೆ ಯೋಗ್ಯವಾದ 8 ಕೋಟಿ ಎಕರೆಯವರೆಗಿನ ಕೇಂದ್ರದ ನೆಲವನ್ನು ತಾತ್ಕಾಲಿಕವಾಗಿ ಕಾಯ್ದಿರಿಸಲು ಅವಕಾಶ ಮಾಡಿತು. ಈ ರಕ್ಷಣೆ 1978ರ ಡಿಸೆಂಬರ್‌ಗೆ ಮುಗಿಯಲಿತ್ತು. ಪ್ರತಿನಿಧಿ ಸಭೆ ಆ ವರ್ಷ ಮಸೂದೆಯನ್ನು ಭಾರಿ ಬಹುಮತದಿಂದ ಅಂಗೀಕರಿಸಿತಾದರೂ ಸೆನೆಟ್ಟಿನಲ್ಲಿ ಅಲಾಸ್ಕಾದ ಸೆನೆಟರ್ ಮೈಕ್ ಗ್ರಾವೆಲ್ ಅವರ ವಿರೋಧದಿಂದ ಅಧಿವೇಶನದ ಕೊನೆಯಲ್ಲಿ ಅದು ಬಿದ್ದುಹೋಯಿತು. ಏನೂ ಮಾಡದೆ ಕುಳಿತಿದ್ದರೆ ಆ ನೆಲವೆಲ್ಲ ಗಣಿ ಹಕ್ಕುಗಳಿಗೆ, ರಾಜ್ಯದ ಪಾಲಿಗೆ ತೆರೆದುಕೊಳ್ಳುತ್ತಿತ್ತು.

ಆಗ ಆಂಡ್ರಸ್, 1976ರಲ್ಲಷ್ಟೇ ಬಂದಿದ್ದ ಕೇಂದ್ರ ಭೂ ನಿರ್ವಹಣಾ ಕಾಯ್ದೆಯ ತುರ್ತು ಅಧಿಕಾರವನ್ನು ಬಳಸಿ, 1978ರ ನವೆಂಬರ್‌ನಲ್ಲಿ ಸುಮಾರು 11 ಕೋಟಿ ಎಕರೆಯನ್ನು ಮೂರು ವರ್ಷ ಕಾಲ ಮುಟ್ಟದಂತೆ ತಡೆಹಿಡಿದರು. ಆ ಅಧಿಕಾರವನ್ನು ಕಾನೂನು ಕೊಟ್ಟಿದ್ದು ಸಚಿವರಿಗೆ, ಅಧ್ಯಕ್ಷರಿಗಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಅದರ ಬೆನ್ನಿಗೇ, ಡಿಸೆಂಬರ್ 1ರಂದು, ಕಾರ್ಟರ್ 1906ರ ಪ್ರಾಚೀನ ಅವಶೇಷಗಳ ಕಾಯ್ದೆಯಡಿ ಅಲಾಸ್ಕಾದಲ್ಲಿ 17 ರಾಷ್ಟ್ರೀಯ ಸ್ಮಾರಕಗಳನ್ನು (ಇಲ್ಲಿ ಸ್ಮಾರಕವೆಂದರೆ ಕಟ್ಟಡವಲ್ಲ, ರಕ್ಷಿತ ನೆಲ) ಘೋಷಿಸಿದರು. ಅವುಗಳ ವಿಸ್ತಾರ 5.6 ಕೋಟಿ ಎಕರೆ, ಅಂದರೆ ನಮ್ಮ ಇಡೀ ಕರ್ನಾಟಕಕ್ಕಿಂತ ದೊಡ್ಡದು. ಫೇರ್‌ಬ್ಯಾಂಕ್ಸ್‌ನಲ್ಲಿ ಅಧ್ಯಕ್ಷರ ಪ್ರತಿಕೃತಿ ಸುಟ್ಟರು. ಆದರೆ ಕಾಯುತ್ತಾ ಕುಳಿತರೆ ತಮಗೇ ನಷ್ಟವೆಂಬ ಅರಿವು ಅಲಾಸ್ಕಾದ ನಾಯಕರಿಗೂ ಉಂಟಾಯಿತು. ಕೊನೆಗೆ 1980ರ ಡಿಸೆಂಬರ್ 2ರಂದು ಸಹಿಯಾದ ಕಾಯ್ದೆ 10 ಕೋಟಿ ಎಕರೆಗೂ ಹೆಚ್ಚು ನೆಲಕ್ಕೆ ರಕ್ಷಣೆ ನೀಡಿತು. ರಾಷ್ಟ್ರೀಯ ಉದ್ಯಾನಗಳ ಒಟ್ಟು ವಿಸ್ತೀರ್ಣ ಒಂದೇ ಏಟಿಗೆ ಇಮ್ಮಡಿಗಿಂತ ಹೆಚ್ಚಾಯಿತು. ಸಹಿ ಅಧ್ಯಕ್ಷರದು, ಶಾಸನ ಕಾಂಗ್ರೆಸ್ಸಿನದು. ಆದರೆ ಗಡುವು ಮೀರುವ ಮೊದಲು ಬಾಗಿಲು ಹಾಕಿ ಎದುರಾಳಿಗಳನ್ನು ಮಾತುಕತೆಗೆ ಕೂರುವಂತೆ ಮಾಡಿದ್ದು ಆಂಡ್ರಸ್. ಶಾಸಕಾಂಗದಲ್ಲಿ ವಿರೋಧ ಪಕ್ಷದ ಬಹುಮತವನ್ನು ಎದುರಿಟ್ಟುಕೊಂಡೇ ಆರು ವರ್ಷ ರಾಜ್ಯವಾಳಿದವರಿಗೆ ಆ ವಿದ್ಯೆ ಹೊಸದಾಗಿರಲಿಲ್ಲ.

ಉತ್ತರ | ನೀರಾವರಿ ಎಂಜಿನಿಯರ್

ಅಧ್ಯಾಪಕರು ಅಲಾಸ್ಕಾದ ಬಗ್ಗೆ ಬರೆದದ್ದೆಲ್ಲ ಸರಿ. ಆದರೆ ಅಷ್ಟನ್ನೇ ಓದಿದರೆ ಆಂಡ್ರಸ್ ಅವರ ಸಚಿವಾವಧಿ ಬರೀ ಗೆಲುವಿನ ಕಥೆಯೆಂದು ತೋರಬಹುದು. ನೀರಿನ ವಿಷಯದಲ್ಲಿ ಹಾಗಾಗಲಿಲ್ಲ.

1976ರ ಜೂನ್ 5ರಂದು, ಆಂಡ್ರಸ್ ಇನ್ನೂ ಗವರ್ನರ್ ಆಗಿದ್ದಾಗ, ಪೂರ್ವ ಐಡಹೊದ ಟೀಟನ್ ಅಣೆಕಟ್ಟು ಒಡೆಯಿತು. ಸುಮಾರು 93 ಮೀಟರ್ ಎತ್ತರದ ಮಣ್ಣಿನ ಕಟ್ಟೆ ಅದು. ಮೊದಲ ಬಾರಿ ನೀರು ತುಂಬುತ್ತಿರುವಾಗಲೇ ಒಳಗಿನಿಂದ ಮಣ್ಣು ಕೊಚ್ಚಿಕೊಂಡು ಹೋಗಿ ಕುಸಿಯಿತು. 11 ಮಂದಿ ಸತ್ತರು, ಶುಗರ್ ಸಿಟಿ, ರೆಕ್ಸ್‌ಬರ್ಗ್ ಮುಂತಾದ ಊರುಗಳು ನೀರಿನಲ್ಲಿ ಮುಳುಗಿದವು. ಹಗಲು ಹೊತ್ತಿನಲ್ಲಿ ಒಡೆದಿದ್ದರಿಂದ ಜನರನ್ನು ಎಚ್ಚರಿಸಲು ಸಮಯ ಸಿಕ್ಕಿತು, ಇಲ್ಲವಾದರೆ ಸಾವಿನ ಸಂಖ್ಯೆ ಊಹಿಸಲಾಗದು. ಆ ಕಟ್ಟೆಯನ್ನು ಕಟ್ಟಿದ್ದು ಕೇಂದ್ರದ ಬ್ಯೂರೊ ಆಫ್ ರಿಕ್ಲಮೇಷನ್. ಎಂಟು ತಿಂಗಳು ಕಳೆಯುವುದರೊಳಗೆ ಅದೇ ಬ್ಯೂರೊ ಆಂಡ್ರಸ್ ಅವರ ಕೈಕೆಳಗೆ ಬಂತು. ತಮ್ಮ ರಾಜ್ಯದ ಜನರನ್ನು ಬಲಿ ತೆಗೆದುಕೊಂಡ ಕಟ್ಟೆಯ ನಿರ್ಮಾತೃಗಳಿಗೆ ಮುಖ್ಯಸ್ಥರಾಗಿ ಬಂದ ಬೇರೊಬ್ಬ ಸಚಿವರನ್ನು ನಾನು ಕಾಣೆ.

ಹೀಗಿರುವಾಗ 1977ರ ಫೆಬ್ರವರಿಯಲ್ಲಿ, ಸರ್ಕಾರಕ್ಕೆ ಒಂದು ತಿಂಗಳು ತುಂಬಿದ್ದಾಗ, ಕಾರ್ಟರ್ 19 ಜಲಯೋಜನೆಗಳಿಗೆ ಹಣ ನಿಲ್ಲಿಸಬೇಕೆಂದು ಪ್ರಕಟಿಸಿದರು. ಖರ್ಚಿಗೆ ತಕ್ಕ ಲಾಭವಿಲ್ಲ, ಪರಿಸರಕ್ಕೆ ಹಾನಿ, ಕೆಲವು ಕಡೆ ಸುರಕ್ಷತೆಯೂ ಸಂಶಯ ಎಂಬ ಅಧ್ಯಕ್ಷರ ವಾದದಲ್ಲಿ ಹುರುಳಿತ್ತೆಂದೇ ಎಂಜಿನಿಯರಾಗಿ ನನ್ನ ನಂಬಿಕೆ. ಆದರೆ ಒಣಭೂಮಿಯ ಪಶ್ಚಿಮದಲ್ಲಿ ನೀರೆಂದರೆ ಬದುಕು. ಗವರ್ನರ್‌ಗಳನ್ನೂ ಸಂಸದರನ್ನೂ ಮೊದಲೇ ವಿಶ್ವಾಸಕ್ಕೆ ತೆಗೆದುಕೊಳ್ಳದೆ ಪಟ್ಟಿ ಹೊರಬಿದ್ದದ್ದರಿಂದ ಸ್ವಪಕ್ಷದವರೇ ಸಿಡಿದೆದ್ದರು. ಅವರಲ್ಲೊಬ್ಬರಾದ ಕೊಲರಾಡೊದ ಗವರ್ನರ್ ರಿಚರ್ಡ್ ಲ್ಯಾಮ್ ಕಾರ್ಟರ್ ಅವರಂತೆ ಡೆಮಾಕ್ರಟರೇ ಆಗಿದ್ದರು. ತಮ್ಮ ಹಳೆಯ ಸಹೋದ್ಯೋಗಿಗಳಾದ ಪಶ್ಚಿಮದ ಗವರ್ನರ್‌ಗಳ ಮುಂದೆ ನಿಂತು ಆ ಸಿಟ್ಟನ್ನು ತಾಳಿಕೊಳ್ಳಬೇಕಾದವರು ಆಂಡ್ರಸ್. ಅವರು ಗವರ್ನರ್‌ಗಳ ರಾಷ್ಟ್ರೀಯ ಸಂಘದ ಅಧ್ಯಕ್ಷರಾಗಿದ್ದವರು, ಆ ಜನರ ಮನಸ್ಸು ಬಲ್ಲವರು. ಆದರೂ ಆ ಅನುಭವ ಪಟ್ಟಿಯನ್ನು ತಡೆಯಲಿಲ್ಲ. ಕೊನೆಗೆ ಕಾರ್ಟರ್ ಕಾಂಗ್ರೆಸ್ಸಿನೊಡನೆ ರಾಜಿ ಮಾಡಿಕೊಂಡರು, ಪಶ್ಚಿಮದಲ್ಲಿ ಕಳೆದುಕೊಂಡ ವಿಶ್ವಾಸ ಮಾತ್ರ ಮರಳಲಿಲ್ಲ. ಅಧ್ಯಕ್ಷರ ತೀರ್ಮಾನವನ್ನು ಸಚಿವರು ಒಪ್ಪಲಿ ಬಿಡಲಿ, ಹೊರಗೆ ಅದನ್ನು ಸಮರ್ಥಿಸಲೇಬೇಕಾಗುತ್ತದೆ. ವಿದ್ಯಾರ್ಥಿನಿಯವರು ಕೇಳಿದ ‘ಅಧೀನತೆ’ಯ ಪ್ರಶ್ನೆಗೆ ಅಲಾಸ್ಕಾದಷ್ಟೇ ಇದೂ ಮುಖ್ಯವಾದ ಉದಾಹರಣೆ.

ನ್ಯಾಯಕ್ಕಾಗಿ ಇನ್ನೊಂದು ಮಾತು ಸೇರಿಸಬೇಕು. ಹಿಂದಿನ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಎರಡು ಬಾರಿ ತಡೆದಿದ್ದ ಮೇಲ್ಮೈ ಗಣಿಗಾರಿಕೆ ನಿಯಂತ್ರಣ ಕಾಯ್ದೆಗೆ 1977ರ ಆಗಸ್ಟ್ 3ರಂದು ಕಾರ್ಟರ್ ಸಹಿ ಹಾಕಿದರು. ಕಲ್ಲಿದ್ದಲು ತೆಗೆದವರು ಅಗೆದ ನೆಲವನ್ನು ಮತ್ತೆ ಸರಿಪಡಿಸಿ ಕೊಡಬೇಕೆಂಬ ಆ ಕಾನೂನನ್ನು ಜಾರಿಗೆ ತರುವ ಹೊಸ ಕಚೇರಿಯನ್ನು ಕಟ್ಟುವ ಕೆಲಸ ಆಂಡ್ರಸ್ ಅವರ ಇಲಾಖೆಯ ಪಾಲಿಗೆ ಬಂತು. ಇದು ಇಂದಿಗೂ ಉಳಿದಿರುವ ಕೆಲಸ.

ಮರುಪ್ರಶ್ನೆ | ರಾಜ್ಯಶಾಸ್ತ್ರ ವಿದ್ಯಾರ್ಥಿನಿ

ಇಬ್ಬರಿಗೂ ಧನ್ಯವಾದಗಳು, ಸರ್. ಟೀಟನ್ ಅಣೆಕಟ್ಟಿನ ಸಂಗತಿ ನಾನು ಓದಿದ ಪುಸ್ತಕಗಳಲ್ಲಿ ಎರಡು ಸಾಲಿಗೆ ಮುಗಿದಿತ್ತು. ಅದಕ್ಕೂ ಅವರ ಸಚಿವ ಪದವಿಗೂ ಇಷ್ಟು ಹತ್ತಿರದ ನಂಟಿದೆಯೆಂದು ಹೊಳೆದಿರಲಿಲ್ಲ. ಈಗ ಎರಡು ಸಂದೇಹಗಳು ಉಳಿದಿವೆ. ಅವರು 1987ರಲ್ಲಿ ಮತ್ತೆ ಗವರ್ನರ್ ಆದರಲ್ಲ, ಆಗ ವಾಷಿಂಗ್ಟನ್ನಿನ ಅನುಭವ ರಾಜ್ಯಕ್ಕೆ ನೆರವಾಯಿತೇ? ಗವರ್ನರ್ ಆಗಿದ್ದವರೇ ಇಂಟೀರಿಯರ್ ಸಚಿವರಾಗುವುದು ಒಂದು ರೂಢಿಯೇ, ಅಥವಾ ಆಂಡ್ರಸ್ ಒಬ್ಬರೇ ಅಪವಾದವೇ?

ಉತ್ತರ | ಬಾಯ್ಸಿ ಕನ್ನಡಿಗ

ನಾನು ಐಡಹೊದ ರಾಜಧಾನಿ ಬಾಯ್ಸಿಯಲ್ಲಿ ನೆಲೆಸಿರುವವನು. ಇಲ್ಲಿನ ಹಿರಿಯರ ಬಾಯಲ್ಲಿ ಆಂಡ್ರಸ್ ಎಂದರೆ ಮೊದಲು ಬರುವುದು ಅಲಾಸ್ಕಾದ ಮಾತಲ್ಲ, ಅಣುತ್ಯಾಜ್ಯದ ಮಾತು.

ಆಂಡ್ರಸ್ ವಾಷಿಂಗ್ಟನ್ನಿಗೆ ಹೋದಾಗ ಉಪಗವರ್ನರ್ ಆಗಿದ್ದ ಜಾನ್ ಎವನ್ಸ್ ಗವರ್ನರ್ ಸ್ಥಾನಕ್ಕೆ ಬಂದು ಹತ್ತು ವರ್ಷ ಆಳಿದರು. 1986ರಲ್ಲಿ ಆಂಡ್ರಸ್ ಮತ್ತೆ ನಿಂತು ಡೇವಿಡ್ ಲೆರಾಯ್ ಎದುರು ಬಹಳ ಕಡಿಮೆ ಅಂತರದಿಂದ ಗೆದ್ದರು. 1990ರಲ್ಲಿ ಮಾತ್ರ ಗೆಲುವು ದೊಡ್ಡದಾಗಿತ್ತು. ಪೂರ್ವ ಐಡಹೊದಲ್ಲಿ ಕೇಂದ್ರ ಸರ್ಕಾರದ ದೊಡ್ಡ ಅಣು ಪ್ರಯೋಗಾಲಯವಿದೆ. ಕೊಲರಾಡೊದ ರಾಕಿ ಫ್ಲ್ಯಾಟ್ಸ್ ಅಣ್ವಸ್ತ್ರ ಕಾರ್ಖಾನೆಯ ತ್ಯಾಜ್ಯ ವರ್ಷಗಟ್ಟಲೆ ಅಲ್ಲಿಗೆ ಬಂದು ಬೀಳುತ್ತಿತ್ತು. ಅದನ್ನು ಶಾಶ್ವತವಾಗಿ ಹೂಳಬೇಕಾದ ನ್ಯೂ ಮೆಕ್ಸಿಕೊದ ಭೂಗರ್ಭ ಕೇಂದ್ರ ತೆರೆಯುವುದು ಮುಂದೆ ಮುಂದೆ ಹೋಗುತ್ತಲೇ ಇತ್ತು. ಆ ಪ್ರಯೋಗಾಲಯದ ಅಡಿಯಲ್ಲೇ ಸ್ನೇಕ್ ನದಿ ಬಯಲಿನ ಅಂತರ್ಜಲವಿದೆ; ದಕ್ಷಿಣ ಐಡಹೊದ ಬೇಸಾಯವೆಲ್ಲ ನಿಂತಿರುವುದು ಆ ನೀರಿನ ಮೇಲೆ. ‘ತಾತ್ಕಾಲಿಕ’ ಎಂದು ತಂದಿಟ್ಟದ್ದು ಹೀಗೆ ಕಾಯಂ ಆಗುತ್ತದೆಂದು ಮನಗಂಡ ಆಂಡ್ರಸ್, 1988ರ ಅಕ್ಟೋಬರ್‌ನಲ್ಲಿ ಇನ್ನು ಮುಂದೆ ಆ ತ್ಯಾಜ್ಯ ರಾಜ್ಯದೊಳಗೆ ಬರಕೂಡದೆಂದು ತಡೆದರು. ತ್ಯಾಜ್ಯದ ರೈಲು ಡಬ್ಬಿಯೆದುರು ರಾಜ್ಯದ ಪೊಲೀಸ್ ಸಿಬ್ಬಂದಿ ನಿಂತ ಚಿತ್ರ ಅಮೆರಿಕದಾದ್ಯಂತ ಪ್ರಕಟವಾಯಿತು.

ಕೇಂದ್ರದ ವಾಗ್ದಾನಗಳು ಎಲ್ಲಿ ಸಡಿಲವಾಗುತ್ತವೆ, ಯಾವ ಗಡುವಿಗೆ ನಿಜವಾದ ಕಟ್ಟುಪಾಡಿದೆ, ಯಾವುದು ಕಾಗದದ ಮೇಲಷ್ಟೇ ಇರುವಂಥದ್ದು ಎಂಬುದು ನಾಲ್ಕು ವರ್ಷ ಇಲಾಖೆಯೊಂದನ್ನು ಒಳಗಿನಿಂದ ನಡೆಸಿದವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮನವಿಪತ್ರ ಬರೆದು ಕಾಯುವುದರ ಬದಲು ರೈಲನ್ನೇ ನಿಲ್ಲಿಸಿದ ಧೈರ್ಯದ ಹಿಂದೆ ಆ ತಿಳಿವಳಿಕೆಯೇ ಇತ್ತೆಂದು ನಾನು ಭಾವಿಸುತ್ತೇನೆ. ಅವರ ನಂತರ ಗವರ್ನರ್ ಆದ ಫಿಲ್ ಬ್ಯಾಟ್ ರಿಪಬ್ಲಿಕನ್ ಪಕ್ಷದವರು. ಅವರೂ ಅದೇ ಹಾದಿ ಹಿಡಿದು 1995ರಲ್ಲಿ, ತ್ಯಾಜ್ಯವನ್ನು ನಿಗದಿತ ವರ್ಷಗಳೊಳಗೆ ಹೊರಸಾಗಿಸಬೇಕೆಂದು ಕೇಂದ್ರವನ್ನು ನ್ಯಾಯಾಲಯದ ಮೂಲಕ ಬದ್ಧಗೊಳಿಸುವ ಒಪ್ಪಂದ ಮಾಡಿಕೊಂಡರು. ನ್ಯೂ ಮೆಕ್ಸಿಕೊದ ಕೇಂದ್ರ ಕೊನೆಗೂ ತೆರೆದದ್ದು 1999ರಲ್ಲಿ. ಒಪ್ಪಂದವನ್ನು ಸಡಿಲಿಸುವ ಮಾತು 2015ರಲ್ಲಿ ಬಂದಾಗ ಬೇರೆ ಬೇರೆ ಪಕ್ಷಗಳ ಈ ಇಬ್ಬರು ವೃದ್ಧರು ಜೊತೆಯಾಗಿ ವಿರೋಧಿಸಿದರು. 1995ರ ಜನವರಿಯಲ್ಲಿ ಆಂಡ್ರಸ್ ಹುದ್ದೆಯಿಂದ ಇಳಿದ ಮೇಲೆ ಈ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಗವರ್ನರ್ ಮತ್ತೆ ಬಂದಿಲ್ಲ. ಹೀಗಿದ್ದರೂ ಅವರು 2017ರ ಆಗಸ್ಟ್ 24ರಂದು ತೀರಿಕೊಂಡಾಗ ಎರಡೂ ಪಕ್ಷದವರು ಅವರನ್ನು ತಮ್ಮವರೆಂದೇ ನೆನೆದರು. ಮರುವರ್ಷ ವೈಟ್ ಕ್ಲೌಡ್ಸ್ ವನ್ಯಪ್ರದೇಶಕ್ಕೆ ಅವರ ಹೆಸರನ್ನು ಸೇರಿಸಲಾಯಿತು.

ಉತ್ತರ | ನಿವೃತ್ತ ಅಧ್ಯಾಪಕ

ಎಂಜಿನಿಯರ್ ಅವರ ಆಕ್ಷೇಪಣೆಯನ್ನು ಒಪ್ಪುತ್ತೇನೆ. ಅಲಾಸ್ಕಾದ ಗೆಲುವಿಗೂ ಒಂದು ಬೆಲೆ ತೆರಬೇಕಾಯಿತೆಂಬುದನ್ನು ಅದಕ್ಕೆ ಸೇರಿಸುತ್ತೇನೆ: 1980ರ ಅದೇ ಕಾಯ್ದೆ, ಇನ್ನು ಮುಂದೆ ಅಲಾಸ್ಕಾದಲ್ಲಿ 5,000 ಎಕರೆಗಿಂತ ಹೆಚ್ಚು ನೆಲವನ್ನು ಸರ್ಕಾರ ಹೀಗೆ ತಡೆಹಿಡಿದರೆ ಕಾಂಗ್ರೆಸ್ಸು ಒಂದು ವರ್ಷದೊಳಗೆ ಒಪ್ಪಬೇಕೆಂದು ಷರತ್ತು ಹಾಕಿತು. ನವೆಂಬರ್ ಚುನಾವಣೆಯಲ್ಲಿ ಕಾರ್ಟರ್ ಸೋತು ರಿಪಬ್ಲಿಕನ್ ಪಕ್ಷದ ರೇಗನ್ ಗೆದ್ದದ್ದರಿಂದ, ಮುಂದೆ ಇಷ್ಟೂ ಸಿಗಲಾರದೆಂದು ಪ್ರತಿನಿಧಿ ಸಭೆ ಸೆನೆಟ್ಟಿನ ಮಸೂದೆಯನ್ನೇ ಒಪ್ಪಿಕೊಳ್ಳಬೇಕಾಯಿತು.

ರೂಢಿಯ ಪ್ರಶ್ನೆಗೆ ಹೌದು ಎನ್ನಬಹುದು. ಆಂಡ್ರಸ್ ಅವರಿಗಿಂತ ಮೊದಲು ಅಲಾಸ್ಕಾದ ವಾಲ್ಟರ್ ಹಿಕಲ್, ವಯೋಮಿಂಗಿನ ಸ್ಟ್ಯಾನ್ಲಿ ಹ್ಯಾಥವೇ. ನಂತರ ಆರಿಜೋನದ ಬ್ರೂಸ್ ಬ್ಯಾಬಿಟ್, ಐಡಹೊದವರೇ ಆದ ಡರ್ಕ್ ಕೆಂಪ್‌ಥಾರ್ನ್, 2025ರಲ್ಲಿ ಉತ್ತರ ಡಕೋಟದ ಡಗ್ ಬರ್ಗಮ್, ಇವರೆಲ್ಲ ಗವರ್ನರ್ ಆಗಿದ್ದು ಅದೇ ಇಲಾಖೆಗೆ ಬಂದವರು. ನಿಮ್ಮ ಪ್ರಬಂಧದಲ್ಲಿ ಹೋಲಿಕೆಗೆ ಹಿಕಲ್ ಅವರನ್ನು ತೆಗೆದುಕೊಳ್ಳಿ. ನಿಕ್ಸನ್ ಅವರ ಸಂಪುಟದಲ್ಲಿದ್ದ ಹಿಕಲ್, 1970ರ ಮೇ ತಿಂಗಳಲ್ಲಿ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದ ಮೇಲೆ, ಸರ್ಕಾರ ಯುವಜನರ ಮಾತು ಕೇಳಬೇಕೆಂದು ಅಧ್ಯಕ್ಷರಿಗೆ ಪತ್ರ ಬರೆದರು. ಪತ್ರ ಬಹಿರಂಗವಾಯಿತು, ನವೆಂಬರ್‌ನಲ್ಲಿ ಅವರನ್ನು ವಜಾ ಮಾಡಲಾಯಿತು. ಇಪ್ಪತ್ತು ವರ್ಷಗಳ ಬಳಿಕ, 1990ರಲ್ಲಿ, ಅವರೂ ತಮ್ಮ ರಾಜ್ಯದ ಗವರ್ನರ್ ಆಗಿ ಮರಳಿದರು.

ರಾಜ್ಯದ ಅನುಭವವು ಸಚಿವರ ಕೈಯಲ್ಲಿ ಏನಾಗಬಲ್ಲದು ಎಂಬುದಕ್ಕೆ ನಾನು ಮೊದಲ ಉತ್ತರದಲ್ಲಿ ಬಿಟ್ಟಿದ್ದ ಒಂದು ಪ್ರಕರಣವನ್ನೂ ನೋಡಿ. ಅಮೆರಿಕದ ನದಿ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ವಿಶೇಷ ಅವಕಾಶವಿದೆ: ರಾಜ್ಯವು ತನ್ನ ಕಾನೂನಿನಡಿ ರಕ್ಷಿಸಿರುವ ನದಿಯನ್ನು ರಾಷ್ಟ್ರೀಯ ಪಟ್ಟಿಗೆ ಸೇರಿಸಬೇಕೆಂದು ಗವರ್ನರ್ ಕೇಳಿಕೊಂಡು ಇಂಟೀರಿಯರ್ ಸಚಿವರು ಒಪ್ಪಿದರೆ ಸಾಕು, ಕಾಂಗ್ರೆಸ್ಸಿನಲ್ಲಿ ಹೊಸ ಶಾಸನ ಬೇಕಿಲ್ಲ. ಕ್ಯಾಲಿಫೋರ್ನಿಯದ ಗವರ್ನರ್ ಜೆರಿ ಬ್ರೌನ್ 1980ರಲ್ಲಿ ಹಾಗೆ ಕೇಳಿಕೊಂಡರು. ಮರದ ಉದ್ಯಮದ ವಿರೋಧವಿತ್ತು, ಮೊಕದ್ದಮೆಗಳಿದ್ದವು. 1981ರ ಜನವರಿ 19ರಂದು, ಅಂದರೆ ಸರ್ಕಾರ ಬದಲಾಗುವ ಹಿಂದಿನ ದಿನ, ಆಂಡ್ರಸ್ ಕ್ಲಾಮತ್, ಟ್ರಿನಿಟಿ, ಈಲ್, ಸ್ಮಿತ್ ಮತ್ತು ಕೆಳ ಅಮೆರಿಕನ್ ನದಿಗಳನ್ನು ಪಟ್ಟಿಗೆ ಸೇರಿಸಿ ಸಹಿ ಹಾಕಿದರು. ವಿರೋಧಿಗಳು ನ್ಯಾಯಾಲಯದಲ್ಲಿ ಅದನ್ನು ಪ್ರಶ್ನಿಸಿದರು. ಕೆಳ ನ್ಯಾಯಾಲಯ ಆ ಸೇರ್ಪಡೆಯನ್ನು ರದ್ದುಗೊಳಿಸಿದರೂ 1984ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ತೀರ್ಪಿನ ಪೂರ್ಣ ಪಾಠ ಅಂತರ್ಜಾಲದಲ್ಲಿ ಮುಕ್ತವಾಗಿ ಸಿಗುತ್ತದೆ. ಗವರ್ನರ್ ಮತ್ತು ಸಚಿವರ ಅಧಿಕಾರಗಳು ಎಲ್ಲಿ ಸೇರುತ್ತವೆ ಎಂಬ ಅಧ್ಯಾಯಕ್ಕೆ ನೀವು ಅದನ್ನು ಮೂಲದಲ್ಲೇ ಓದುವುದು ಒಳ್ಳೆಯದು.